ಹಾಕದೆ ಹೋದ ಮೂರು ಗಂಟು

ದೊರಸಾನಿ ಡಾಕ್ಟರು ಅವತ್ತು ಮೂರು ಮಾತು ಹೇಳಿದರು. ಎರಡನ್ನು ನಾನು ಕನ್ನಡದಲ್ಲಿ ನನ್ನ ಓರಗಿತ್ತಿಗೆ ಹೇಳಿದೆ. ಮೂರನೆಯದನ್ನು ನುಂಗಿದೆ. ಇಂಗ್ಲಿಷ್ ಅರ್ಥವಾಗಲಿಲ್ಲ ಅಂತ ಅಲ್ಲ — ಕಾನ್ವೆಂಟಿನಲ್ಲಿ ರೆಸಿಟೇಶನ್‌ಗೆ ಪ್ರೈಜ್ ತೆಗೆದುಕೊಂಡವಳು ನಾನು. ಗಡಿಬಿಡಿಯಲ್ಲಿ ಬಿಟ್ಟುಹೋಯಿತು ಅಂತಲೂ ಅಲ್ಲ. ಬೇಕೆಂದೇ ನುಂಗಿದೆ. ಹೊಟ್ಟೆಕಿಚ್ಚಿಗೆ ನುಂಗಿದೆ.

ಎಂಬತ್ತು ದಾಟಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕಣ್ಣು ಮಸುಕಾಗಿದೆ. ನೆನಪು ಮಾತ್ರ ಮಸುಕಾಗಿಲ್ಲ — ಅದೇ ನನ್ನ ಪನಿಶ್‌ಮೆಂಟು ಇರಬೇಕು.

ಓರಗಿತ್ತಿ ಎಂದರೆ ನಮ್ಮ ಯಜಮಾನರ ಅಣ್ಣನ ಹೆಂಡತಿ, ಜಾನಕಮ್ಮ. ನಾನು ಅಕ್ಕಯ್ಯ ಎನ್ನುತ್ತಿದ್ದೆ. ಮುಳಬಾಗಿಲಿನ ಕಡೆಯವರು. ಶ್ರೀನಿವಾಸಪುರದ ನಮ್ಮ ಮನೆಯಲ್ಲಿ ತೆಲುಗೂ ಕನ್ನಡವೂ ಕಲಸಿಟ್ಟ ಅನ್ನದ ಹಾಗೆ, ಯಾವ ಅಗುಳು ಯಾವುದೆಂದು ಹೇಳಲಾಗುತ್ತಿರಲಿಲ್ಲ. ಅಕ್ಕಯ್ಯ ನನ್ನನ್ನು 'ಅಮ್ಮಾಯಿ' — ಹುಡುಗಿ — ಎಂದು ಕರೆದರು, ಕೊನೆಯವರೆಗೂ. ನಮ್ಮವರು ಅತ್ತಿಗೆಯನ್ನು 'ವದಿನಾ' ಎನ್ನುತ್ತಿದ್ದರು. ಆ ಒಂದು ಪದವನ್ನು ಅವರು ಎಷ್ಟು ಮೆತ್ತಗೆ ಹೇಳುತ್ತಿದ್ದರು ಎಂದರೆ — ನನ್ನ ಹೆಸರನ್ನು ಹಾಗೆ ಕರೆಯಲಿ ಎಂದು ನಾನು ನಲವತ್ತು ವರ್ಷ ಕಾದೆ.

ಅದಕ್ಕೆ ಕಾರಣ ಇತ್ತು. ಅಕ್ಕಯ್ಯ ಹದಿನೈದು ವರ್ಷಕ್ಕೆ ಆ ಮನೆಗೆ ಸೊಸೆಯಾಗಿ ಬಂದಾಗ ನಮ್ಮವರು ಇನ್ನೂ ತೊಟ್ಟಿಲ ಮಗು. ವರ್ಷ ತುಂಬುವುದರೊಳಗೆ ಅತ್ತೆ ತೀರಿಕೊಂಡರು. ಮೈದುನನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅಕ್ಕಯ್ಯ ಅಡಿಗೆ ಕಲಿತದ್ದು. ತಮಗೆ ಏಳು ಹೆರಿಗೆಯಾದ ಮೇಲೂ ಅವರ ಮೊದಲ ಮಗು ನಮ್ಮವರೇ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದರೆ ಹೊಟ್ಟೆಕಿಚ್ಚು ಆರುತ್ತದೆ ಎಂದು ಯಾರು ಹೇಳಿದರು?

ನಾನು ಬಂದದ್ದು ಚಿನ್ನದ ಗಣಿಯ ಊರಿನಿಂದ. ನಮ್ಮ ತಂದೆ ಗಣಿಯ ಆಫೀಸಿನಲ್ಲಿದ್ದರು. ಮಗಳನ್ನು ಸಿಸ್ಟರ್‌ಗಳ ಹತ್ತಿರ ಓದಿಸಿ ನೆಂಟರಿಂದ ಬೈಸಿಕೊಂಡರು. ಹದಿನೇಳಕ್ಕೆ ನನ್ನ ಮದುವೆ. ನಮ್ಮವರು ಬಿ.ಎ. ಮಾಡಿ ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ಟರ್ ಆಗಿದ್ದರು. ಇಬ್ಬರೂ ಇಂಗ್ಲಿಷ್ ಓದಿದವರು, ಸಂಜೆ ಒಟ್ಟಿಗೆ ಕೂತು ಪುಸ್ತಕ ಓದುತ್ತೇವೆ — ಹೀಗೇ ಏನೇನೋ ಕನಸು ಕಟ್ಟಿಕೊಂಡು ಬಂದೆ. ಇವರು ಸ್ಕೂಲಿನಿಂದ ಬಂದವರು ಕಾಲು ತೊಳೆದು ನೇರ ಅಡಿಗೆಮನೆಯ ಹೊಸಿಲಿನ ಮೇಲೆ ಕೂರುತ್ತಿದ್ದರು. ಒಳಗೆ ಅಕ್ಕಯ್ಯ ಒಲೆಯ ಮುಂದೆ. ಅವತ್ತು ಯಾವ ಮೇಷ್ಟರು ನಿದ್ದೆ ಮಾಡಿದರು, ಇನ್‌ಸ್ಪೆಕ್ಟರು ಏನೆಂದರು — ಎಲ್ಲವೂ ಅಲ್ಲಿ. ನನ್ನ ಪಾಲಿಗೆ ಬರುವಷ್ಟು ಹೊತ್ತಿಗೆ ಅವರ ಮಾತೆಲ್ಲ ಮುಗಿದಿರುತ್ತಿತ್ತು.

ಇನ್ನೊಂದು ಸಂಗತಿ. ನಮ್ಮದು ಮಡಿಯ ಮನೆ. ತಿಂಗಳಿಗೆ ಮೂರು ದಿನ ನಾನು ಹಿತ್ತಿಲ ಜಗಲಿಯಲ್ಲಿ ಹೊರಗೆ ಕೂರಬೇಕು. ಮಕ್ಕಳಿಲ್ಲದ ಸೊಸೆ ಹೊರಗೆ ಕೂತಳೆಂದರೆ ಅದು ಬೀದಿಗೆಲ್ಲ ಸಾರಿದ ಹಾಗೆ — ಈ ತಿಂಗಳೂ ಇಲ್ಲ, ಈ ತಿಂಗಳೂ ಇಲ್ಲ. ಅಕ್ಕಯ್ಯನಿಗೆ ಮುಟ್ಟು ನಿಂತು ಎರಡು ವರ್ಷವಾಗಿತ್ತು. ತಿಂಗಳು ಪೂರ್ತಿ ಒಲೆ ಅವರದು, ದೇವರ ಮನೆ ಅವರದು. ದೂರದಿಂದ ನನಗೆ ಎಲೆಗೆ ಬಡಿಸಿ, "ಬೇಜಾರು ಮಾಡ್ಕೋಬೇಡ ಕಣೇ ಅಮ್ಮಾಯಿ, ಮುಂದಿನ ತಿಂಗಳು ನೋಡು," ಎನ್ನುತ್ತಿದ್ದರು. ಪ್ರೀತಿಯಿಂದಲೇ. ಆ ಪ್ರೀತಿ ನನಗೆ ಖಾರದ ಪುಡಿಯ ಹಾಗೆ ಕಣ್ಣಿಗೆ ಬೀಳುತ್ತಿತ್ತು.

ಅಕ್ಕಯ್ಯನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅವರು ಏನನ್ನೂ ಮರೆತವರಲ್ಲ. ಅಡಿಗೆಮನೆಯ ಗೂಟಕ್ಕೆ ಒಂದು ದಪ್ಪ ನೂಲಿನ ದಾರ ತೂಗಿಬಿಟ್ಟಿರುತ್ತಿದ್ದರು. ಯಾವುದಾದರೂ ಕೆಲಸ ಇಷ್ಟು ತಿಂಗಳ ಮೇಲೆ ಆಗಬೇಕು ಎಂದರೆ ದಾರಕ್ಕೆ ಅಷ್ಟು ಗಂಟು. ಅಮಾವಾಸ್ಯೆಗೊಂದು ಬಿಚ್ಚುವುದು. ಗಂಟು ಮುಗಿಯಿತು ಎಂದರೆ ದಿನ ಬಂತು. ಹಸು ಕರು ಹಾಕುವುದು, ಹೊಸ ಉಪ್ಪಿನಕಾಯಿ ಜಾಡಿ ತೆರೆಯುವುದು, ನೆಂಟರ ಮಗಳ ಸೀಮಂತ — ಅವರ ಕೈಯಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ. ನಾನು ಕ್ಯಾಲೆಂಡರ್ ನೋಡಿ ಹೇಳಿದ್ದು ತಪ್ಪಿದ್ದುಂಟು. ಈ ದಾರವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ. ಒಂದು ಮಧ್ಯಾಹ್ನ ಅಕ್ಕಯ್ಯ ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದರು. "ಅಮ್ಮಾಯಿ, ನೀನು ಓದಿದವಳು. ಯಾರಿಗೂ ಹೇಳ್ಬೇಡ. ಕೆಳಗೆ ಏನೋ ಜಾರಿ ಹೊರಗೇ ಬಂದುಬಿಡತ್ತೆ ಕಣೇ. ಬಟ್ಟೆ ಕಟ್ಟಿಕೊಂಡೇ ಓಡಾಡ್ತೀನಿ. ಕುಕ್ಕರಗಾಲಲ್ಲಿ ಕೂರಕ್ಕಾಗಲ್ಲ, ಕೊಡ ಎತ್ತಕ್ಕಾಗಲ್ಲ." ಎಷ್ಟು ದಿನದಿಂದ ಎಂದೆ. "ಐದನೇ ಬಾಣಂತನ ಆದಾಗಿಂದ," ಎಂದರು. ಹತ್ತು ವರ್ಷ! ಗರ್ಭಕೋಶ ಜಾರಿ ಹೊರಬರುತ್ತಿದ್ದರೂ ಆಕೆ ಹತ್ತು ವರ್ಷ ಬಾವಿಯಿಂದ ನೀರು ಸೇದಿದ್ದರು, ನಗುತ್ತ ಬಡಿಸಿದ್ದರು, ಇನ್ನೆರಡು ಹೆತ್ತಿದ್ದರು.

ನಮ್ಮವರಿಗೆ ನಾನು ಬರೀ ಹೊಟ್ಟೆನೋವು ಎಂದು ಹೇಳಿದೆ. ಮಾರನೆಯ ದಿನವೇ ರಜಾ ಹಾಕಿದರು. ನನಗೆ ಮಕ್ಕಳಾಗಲಿಲ್ಲ, ಕೋಲಾರದ ಹೆಂಗಸರ ಡಾಕ್ಟರಿಗೆ ತೋರಿಸೋಣ ಎಂದು ನಾನು ಮೂರು ವರ್ಷದಿಂದ ಕೇಳುತ್ತಿದ್ದೆ. "ನೋಡೋಣ, ಎಗ್ಸಾಮಿನೇಷನ್ ಮುಗೀಲಿ," — ಯಾವ ಎಗ್ಸಾಮಿನೇಷನ್ನೂ ಮುಗಿದಿರಲಿಲ್ಲ. ವದಿನನಿಗೆ ಹೊಟ್ಟೆನೋವು ಎಂದ ಕೂಡಲೇ ಮುಗಿದುಬಿಟ್ಟಿತು. ಮೋಟಾರ್ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು, ತಮ್ಮ ಉತ್ತರೀಯವನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅತ್ತಿಗೆಯನ್ನು ಕೂರಿಸಿದರು. ನಾನು ಹಿಂದೆ, ತೊಡೆಯ ಮೇಲೆ ಬುತ್ತಿಯ ಬುಟ್ಟಿ. ಬಸ್ಸು ಎಗರಿದಾಗೆಲ್ಲ ಹಿಂತಿರುಗದೆಯೇ ಕೇಳುತ್ತಿದ್ದರು, "ವದಿನಾ, ನೋವಾಯ್ತಾ?" ಬುಟ್ಟಿಯ ಹಿಡಿ ನನ್ನ ಅಂಗೈಗೆ ಅಚ್ಚೊತ್ತಿತ್ತು. ಯಾರೂ ಕೇಳಲಿಲ್ಲ.

ಆ ದಾರಿಯಲ್ಲಿ ನಾನೂ ಕೆಲವು ಇಂಗ್ಲಿಷ್ ವಾಕ್ಯ ಜೋಡಿಸಿಟ್ಟುಕೊಂಡಿದ್ದೆ. ಅಕ್ಕಯ್ಯನದು ಮುಗಿದ ಮೇಲೆ ಡಾಕ್ಟರನ್ನು ನನ್ನ ವಿಷಯವೂ ಕೇಳಬೇಕು ಎಂದು.

ಡಾಕ್ಟರು ವಯಸ್ಸಾದ ದೊರಸಾನಿ, ಬಹಳ ಒಳ್ಳೆಯವರು. ದುಭಾಷಿಗೆ ಒಬ್ಬ ನರ್ಸ್ ಇದ್ದಳು, ಅಕ್ಕಯ್ಯ ಒಪ್ಪಲಿಲ್ಲ. "ಬೇರೆಯವರ ಬಾಯಿಗೆ ನನ್ನ ಮಾನ ಕೊಡಲ್ಲ. ನಮ್ಮಮ್ಮಾಯಿ ಇದಾಳಲ್ಲ." ನರ್ಸ್ ಹೊರಗೆ ಹೋದಳು. ಪರದೆಯ ಒಳಗೆ ನಾವು ಮೂವರೇ. ಡಾಕ್ಟರು ಗರ್ಭಕೋಶವನ್ನು ಮೇಲೆ ಸರಿಸಿ, ಅದು ಮತ್ತೆ ಜಾರದಂತೆ ಒಳಗೊಂದು ರಬ್ಬರಿನ ಬಳೆ ಕೂರಿಸಿದರು. ಪೆಸರಿ ಎನ್ನುತ್ತಾರೆ. ಅಕ್ಕಯ್ಯನ ಚಿಂತೆ ಬೇರೆ. "ಅದು ಚರ್ಮದ್ದಲ್ಲ ತಾನೇ? ಮಡಿ ಕೆಡಲ್ವಾ ಕೇಳೇ." ನಾನು ಕೇಳದೆಯೇ ಹೇಳಿದೆ — ಮರದ ಹಾಲಿನಿಂದ ಮಾಡಿದ್ದು ಅಕ್ಕಯ್ಯ. "ಮರ ಅಂದ್ರೆ ಸರಿ. ತುಳಸಿಯೂ ಮರದ ಜಾತಿಯೇ," ಎಂದು ನಕ್ಕರು. ಎದ್ದು ನಿಂತರು. ಎರಡು ಹೆಜ್ಜೆ ನಡೆದರು. ಬಟ್ಟೆ ಕಟ್ಟದೆ ನಡೆಯುತ್ತಿದ್ದೇನೆ ಎಂದು ಅರಿವಾದಾಗ ಅವರ ಮುಖ — ಆ ಮುಖವನ್ನು ನಾನು ವರ್ಣಿಸಲಾರೆ. ನನಗೆ ಆ ಹಕ್ಕಿಲ್ಲ.

ಆಗ ಡಾಕ್ಟರು ಮೂರು ಮಾತು ಹೇಳಿದರು. ಒಂದು, ಇನ್ನು ಮನೆಗೆಲಸ ಮಾಡಬಹುದು, ಭಾರ ಮಾತ್ರ ಎತ್ತಬಾರದು. ಹೇಳಿದೆ. ಎರಡು, ಸ್ವಲ್ಪ ಬಿಳಿ ಹೋಗಬಹುದು, ಹೆದರಬೇಡ. ಹೇಳಿದೆ. ಮೂರು — ಮೂರು ತಿಂಗಳಿಗೆ ತಪ್ಪದೆ ಬರಬೇಕು, ಬಳೆಯನ್ನು ತೆಗೆದು ತೊಳೆದು ಬದಲಾಯಿಸಬೇಕು, ಹಾಗೇ ಬಿಟ್ಟರೆ ಅದು ಮಾಂಸವನ್ನು ತಿನ್ನುತ್ತದೆ. "ಮೇಕ್ ಹರ್ ಅಂಡರ್‌ಸ್ಟ್ಯಾಂಡ್, ಮೈ ಡಿಯರ್," ಎಂದು ನನ್ನ ಕೈ ಹಿಡಿದು ಹೇಳಿದರು.

ನಾನು ಬಾಯಿ ತೆರೆದೆ. ಸರಿಯಾಗಿ ಆಗ ವರಾಂಡದಿಂದ ನಮ್ಮವರ ದನಿ — "ವದಿನಾ, ನೋವಾಯ್ತಾ?"

ಮೂರು ತಿಂಗಳಿಗೆ ಮತ್ತೆ ಈ ಬಸ್ಸು. ಮತ್ತೆ ರಜಾ, ಮತ್ತೆ ನಾಲ್ಕು ಮಡಿಕೆಯ ಆ ಉತ್ತರೀಯ. ಆರು ತಿಂಗಳಿಗೆ ಮತ್ತೆ. ವರ್ಷಕ್ಕೆ ನಾಲ್ಕು ಸಲ, ಬದುಕಿರುವ ತನಕ. ನಾನು ಬಾಯಿ ಮುಚ್ಚಿದೆ. ಅಷ್ಟೇ. ಅದರಲ್ಲಿ ದೊಡ್ಡ ಸಂಚು ಏನೂ ಇರಲಿಲ್ಲ. ಅವರು ಸಾಯಲಿ ಎಂದು ನಾನು ಬಯಸಲಿಲ್ಲ — ಆ ಉತ್ತರೀಯ ಇನ್ನೊಂದು ಸಲ ಹಾಸಬಾರದು, ಇಷ್ಟೇ ಬಯಸಿದ್ದು. ಇಷ್ಟು ಸಣ್ಣದಕ್ಕೆ.

ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ನಮ್ಮವರಿಗೆ ಇಂಗ್ಲಿಷ್ ಬರುತ್ತದೆ. ಅದಕ್ಕೇ ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡೆ. ನಂತರ ನನ್ನ ಪ್ರೈಜ್ ಡಿಕ್ಷನರಿಯ ಒಳಗೆ. "ಅಂಡ್ ಯು?" ಎಂದು ಡಾಕ್ಟರು ನನ್ನನ್ನೂ ಕೇಳಿದರು. ನಾನು ಜೋಡಿಸಿಕೊಂಡ ವಾಕ್ಯಗಳೆಲ್ಲ — "ನಥಿಂಗ್, ಡಾಕ್ಟರ್," ಎಂದೆ. ಅಲ್ಲಿ ಇನ್ನು ಒಂದು ನಿಮಿಷವೂ ನಿಲ್ಲಲಾಗಲಿಲ್ಲ.

ಸಂಜೆ ಮನೆಗೆ ಬಂದು ಅಕ್ಕಯ್ಯ ಮಾಡಿದ ಮೊದಲ ಕೆಲಸ, ಗೂಟದಿಂದ ದಾರ ತೆಗೆದದ್ದು. ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು: "ಇದಕ್ಕೇನಾದ್ರೂ ಗಂಟು ಹಾಕ್ಬೇಕೇನೇ ಅಮ್ಮಾಯಿ?"

"ಏನೂ ಬೇಡ ಅಕ್ಕಯ್ಯ," ಎಂದೆ.

ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ, ಹಬ್ಬ ಕಳೆಯಲಿ — ಆಮೇಲೆ ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಹೀಗೇ ಸುಳ್ಳು ಗಟ್ಟಿಯಾಗುವುದು.

ಮೊದಲ ವರ್ಷ ಅಕ್ಕಯ್ಯ ಹುಡುಗಿಯ ಹಾಗೆ ಓಡಾಡಿದರು. ಎರಡನೆಯ ವರ್ಷ ಬಿಳಿ ಹೆಚ್ಚಾಯಿತು. ಡಾಕ್ಟರು ಹೆದರಬೇಡ ಎಂದಿದ್ದಾರಲ್ಲ ಎಂದರು — ನನ್ನ ಬಾಯಿಂದ ಕೇಳಿದ ಮಾತನ್ನೇ ನನಗೆ ಹೇಳಿದರು. ಆಮೇಲೆ ರಕ್ತ ಕಂಡಿತು. ಬಳೆ ಒಳಗೆ ಹುಣ್ಣು ಮಾಡಿತ್ತು. ನನಗೆ ಅದು ಅನುಮಾನವಲ್ಲ, ಗೊತ್ತಿತ್ತು. ಅಕ್ಕಯ್ಯ ಮಾತ್ರ ಅದನ್ನು ಮುಟ್ಟು ಎಂದುಕೊಂಡರು. ನಮ್ಮಂಥ ಮನೆಯ ಹೆಂಗಸು ರಕ್ತ ಕಂಡರೆ ಇನ್ನೇನೆಂದುಕೊಳ್ಳುತ್ತಾಳೆ? ಸುಮ್ಮನೆ ಎದ್ದು ಹಿತ್ತಿಲ ಜಗಲಿಗೆ ಹೋಗಿ ಕೂತರು. ಅಲ್ಲಿ ನಾನಾಗಲೇ ಕೂತಿದ್ದೆ, ನನ್ನ ಮೂರು ದಿನಕ್ಕೆ. "ನೋಡೇ, ನಾನೂ ನಿನ್ನ ವಾರಿಗೆಯವಳಾದೆ. ಮತ್ತೆ ವಯಸ್ಸು ಬಂತು," ಎಂದು ನಕ್ಕರು. ನಾನೂ ನಕ್ಕೆ. ದೇವರೇ, ನಾನೂ ನಕ್ಕೆ.

ನನ್ನದು ಮೂರು ದಿನಕ್ಕೆ ಮುಗಿಯಿತು. ಅವರದು ಮುಗಿಯಲಿಲ್ಲ. ಹತ್ತು ದಿನ ಒಳಗೆ ಬಂದರೆ ಇಪ್ಪತ್ತು ದಿನ ಹೊರಗೆ. ಒಲೆ ನನ್ನ ಕೈಗೆ ಬಂತು.

ನಾನು ಬಯಸಿದ್ದೂ ಅದನ್ನೇ ಅಲ್ಲವೇ? ಹೊಸಿಲಿನ ಮೇಲೆ ಇವರು ಕೂರುತ್ತಾರೆ, ಇನ್ನು ನನಗೆ ಹೇಳುತ್ತಾರೆ ಸ್ಕೂಲಿನ ಕಥೆ. ಮೊದಲ ದಿನ ಎಲೆ ಹಾಕಿ ಬಡಿಸಿದೆ. ಇವರು ಒಂದು ತುತ್ತು ತಿಂದು, "ವದಿನ ಊಟ ಮಾಡಿದ್ರಾ?" ಎಂದರು. ಆಮೇಲೆ ಎಲೆಯನ್ನು ಹಾಗೇ ಎರಡೂ ಕೈಯಲ್ಲಿ ಎತ್ತಿಕೊಂಡು ಹಿತ್ತಿಲಿಗೆ ನಡೆದರು. ಜಗಲಿಯಿಂದ ನಾಲ್ಕು ಮಾರು ದೂರ, ಬಾವಿಕಟ್ಟೆಯ ಮೇಲೆ ಕೂತು ಉಂಡರು. ಅವತ್ತಿನಿಂದ ದಿನಾ ಹಾಗೇ. ನಾನು ಒಲೆಯ ಮುಂದೆ ಕೂತು ಗೋಡೆಯಾಚೆ ಅವರಿಬ್ಬರ ನಗು ಕೇಳುತ್ತಿದ್ದೆ. ನಾನು ಆಕೆಯನ್ನು ಹೊರಗೆ ತಳ್ಳಿದಷ್ಟೂ ಇವರು ಹೊರಗೇ ಹೋದರು.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಇನ್ನಷ್ಟು ಕಿಚ್ಚು ಬಂತು.

ನಾಲ್ಕನೆಯ ವರ್ಷಕ್ಕೆ ವಾಸನೆ ಶುರುವಾಯಿತು. ಅಕ್ಕಯ್ಯ ದಿನಕ್ಕೆ ಮೂರು ಸಲ ತಲೆಯಿಂದ ನೀರು ಸುರಿದುಕೊಳ್ಳುವರು, ವಾಸನೆ ಹೋಗದು. ಮಾಲೂರಿಗೆ ಕೊಟ್ಟಿದ್ದ ಹಿರೀಮಗಳು ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರಬೇಕು, ವಾಡಿಕೆ. ಬೀಗರು ಹೇಳಿಕಳಿಸಿದರು — ಆ ಮನೆಯ ಗಾಳಿ ಬಾಣಂತಿಗೆ ಆಗುವುದಿಲ್ಲ, ನಾವೇ ನೋಡಿಕೊಳ್ಳುತ್ತೇವೆ. ಅಕ್ಕಯ್ಯ ಬಾಣಂತಿಗೆಂದು ಮಾಡಿ ಕಳಿಸಿದ್ದ ಕೊಬ್ಬರಿ ಖಾರದ ಡಬ್ಬಿಯೂ ವಾಪಸು ಬಂತು. ಅವತ್ತು ಅವರು ಮೊದಲ ಸಲ ನನ್ನೆದುರು ಅತ್ತರು. ಆ ವಾರವೇ, ತಡೆಯಿಲ್ಲದೆ ಮೂತ್ರ ಸೋರತೊಡಗಿತು.

ಇದ್ದಲಿನ ಹೊಗೆಯಲ್ಲಿ ಓಡುವ ಯುದ್ಧಕಾಲದ ಬಸ್ಸು. ಈ ಸಲ ಭಾವನವರೂ ಬಂದರು — ಅಕ್ಕಯ್ಯನ ಗಂಡ, ಬಿಗಿ ಮಾತಿನವರು. ಪಕ್ಕದಲ್ಲಿ ಕೂತಿದ್ದ ಪ್ರಯಾಣಿಕರು ವಾಸನೆ ತಾಳದೆ ಎದ್ದು ಬೇರೆ ಕಡೆ ಹೋದರು. ನಮ್ಮವರು ಉತ್ತರೀಯ ಹಾಸಿದರು. ಹಳೆಯ ದೊರಸಾನಿ ತಮ್ಮ ಸೀಮೆಗೆ ಹೋಗಿಯಾಗಿತ್ತು. ಈಗ ಇದ್ದವರು ನಮ್ಮ ಕಡೆಯ ಹೆಂಗಸೇ, ಕನ್ನಡದವರು. ಕ್ಲೋರೋಫಾರಂ ಕೊಟ್ಟು, ಮಾಂಸದೊಳಗೆ ಹೂತುಹೋಗಿದ್ದ ಬಳೆಯನ್ನು ತುಂಡು ಮಾಡಿ ತೆಗೆದರು. ಮೂತ್ರಕೋಶಕ್ಕೇ ತೂತು ಬಿದ್ದಿತ್ತು. ಹೊಲಿಯಲು ಆಗದಷ್ಟು ಸುತ್ತ ಕೊಳೆತಿದೆ ಎಂದರು.

ಎರಡು ದಿನದ ಮೇಲೆ, ನಾವೆಲ್ಲ ಮಂಚದ ಸುತ್ತ ಇದ್ದಾಗ, ಡಾಕ್ಟರು ಬಂದು ಕೇಳಿದರು. "ಮೂರು ತಿಂಗಳಿಗೊಂದು ಸಲ ಬಂದು ಬದಲಾಯಿಸಿಕೋ ಅಂತ ಹೇಳಿರಲಿಲ್ಲವೇನಮ್ಮ ನಿಮಗೆ?"

ಅಕ್ಕಯ್ಯ ಬೆಪ್ಪಾಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಅನುಮಾನ ಒಂದು ಚೂರೂ ಇರಲಿಲ್ಲ. "ಹೇಳಿದ್ರೇನೇ ಅಮ್ಮಾಯಿ? ನಂಗೆ ಜ್ಞಾಪಕವೇ ಇಲ್ವಲ್ಲೇ."

ನಮ್ಮವರು ನನ್ನನ್ನೇ ನೋಡುತ್ತಿದ್ದರು.

"ಹೇಳಿದ್ರು ಅಕ್ಕಯ್ಯ," ಎಂದೆ. "ನಾನೂ ನಿಮಗೆ ಹೇಳಿದೆ. ನೀವೇ ಮರೆತಿರಿ."

ಮೊದಲಿನದು ಮೌನ, ಇದು ಕೊಲೆ. ಭಾವನವರು ವಾರ್ಡಿನಲ್ಲೇ ಕೂಗಾಡಿದರು — "ಹೇಳಿದ ಮಾತು ತಲೇಲಿ ಇಟ್ಟುಕೊಳ್ಳೋ ಯೋಗ್ಯತೆ ಇಲ್ವೇನೇ ನಿಂಗೆ?" ನಮ್ಮವರು ಒಂದೇ ಮಾತು ಕೇಳಿದರು: "ಯಾಕೆ ವದಿನಾ ಹೀಗ್ಮಾಡಿದ್ರಿ?" ಅದೇ ಮೊದಲು ಅವರು ಆಕೆಯ ಮೇಲೆ ತಪ್ಪು ಹೊರಿಸಿದ್ದು. ಬಚ್ಚಿಡದೆ ಹೇಳುತ್ತೇನೆ — ಆ ಕ್ಷಣ ನನಗೆ ಸಂತೋಷವಾಯಿತು. ಕೊನೆಗೂ ಅವರಿಬ್ಬರ ನಡುವೆ ಒಂದು ಬಿರುಕು.

ಅಕ್ಕಯ್ಯ ನನ್ನ ಕೈ ಹಿಡಿದುಕೊಂಡರು. "ನಿನ್ನ ಮಾತು ಕೇಳ್ಲಿಲ್ಲ ಕಣೇ. ನಿನ್ನ ಮೇಲೆ ಮಾತು ಬರೋ ಹಾಗೆ ಮಾಡಿದ್ನಲ್ಲೇ. ತಪ್ಪಾಯ್ತು." ಹಾಗೆ — ಅವರು ನನ್ನ ಕ್ಷಮೆ ಕೇಳಿದರು.

ಆಮೇಲೆ ಏಳು ವರ್ಷ ಬದುಕಿದರು, ಸೋರುತ್ತ, ಹಿತ್ತಿಲ ಕೋಣೆಯಲ್ಲಿ. ಇವರ ಎಲೆ ಮತ್ತೆ ಬಾವಿಕಟ್ಟೆಗೆ ಹೋಯಿತು. ಬಿರುಕು ಎಂದು ನಾನು ಹಿಗ್ಗಿದ್ದು ಒಂದು ತಿಂಗಳೂ ಬಾಳಲಿಲ್ಲ. ಆದರೆ ಅಕ್ಕಯ್ಯನಲ್ಲಿ ಒಂದು ಬದಲಾವಣೆ. ತಮ್ಮ ನೆನಪನ್ನು ತಾವು ನಂಬುವುದನ್ನು ಬಿಟ್ಟರು. ದಾರಕ್ಕೆ ಗಂಟು ಹಾಕಿ, ಹತ್ತು ಸಲ ಎಣಿಸಿ, ನನ್ನನ್ನು ಕರೆದು ತೋರಿಸುತ್ತಿದ್ದರು. "ಸರಿಯಾಗಿದೆಯೇನೇ? ನನ್ನ ಮರೆವು ನಿಂಗೆ ಗೊತ್ತಲ್ಲ." ಸುತ್ತಮುತ್ತಲ ಹೆಂಗಸರು, ಅದೇ ಕಾಯಿಲೆಗೆ ಬಳೆ ಹಾಕಿಸಿಕೊಂಡವರು, ಸೆರಗು ಮುಚ್ಚಿಕೊಂಡು ಹಿತ್ತಿಲ ಬಾಗಿಲಿಗೆ ಬರುತ್ತಿದ್ದರು. ಅಕ್ಕಯ್ಯ ಒಬ್ಬೊಬ್ಬರಿಗೂ ಒಂದು ದಾರ ಕೊಟ್ಟು ಮೂರು ಗಂಟು ಹಾಕಿಸುವರು. "ಅಮಾವಾಸ್ಯೆಗೊಂದು ಬಿಚ್ಚು. ಮೂರು ಬಿಚ್ಚಿದ ಮಾರನೇ ದಿನ ಡಾಕ್ಟರ ಹತ್ರ ಹೋಗು. ನನ್ನ ಹಾಗೆ ಮರೀಬೇಡ ಕಣಮ್ಮಾ. ನಮ್ಮಮ್ಮಾಯಿ ಪಾಪ ಹೇಳಿದ್ಲು, ನಾನೇ ಮರೆತೆ." ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಎಷ್ಟು ಹೆಂಗಸರು ಆ ದಾರದಿಂದ ಉಳಿದರೋ.

ಅಕ್ಕಯ್ಯ ತೀರಿಕೊಂಡಾಗ ಗೂಟದ ಮೇಲೆ ದಾರದಲ್ಲಿ ಎರಡು ಗಂಟು ಉಳಿದಿತ್ತು. ಯಾವುದಕ್ಕೆಂದು ಯಾರಿಗೂ ತಿಳಿಯಲಿಲ್ಲ.

ನಮ್ಮವರು ನನ್ನ ಜೊತೆ ಇನ್ನೂ ಬಹಳ ವರ್ಷ ಇದ್ದರು. ಒಳ್ಳೆಯ ಗಂಡ. ಕೊನೆಯ ಜ್ವರದಲ್ಲಿ ಕರೆದದ್ದು 'ವದಿನಾ' ಎಂದು. ಇದನ್ನು ಬರೆಯುವಾಗಲೂ, ಈಗಲೂ, ಎದೆಯಲ್ಲಿ ಚುರ್ರ್ ಎನ್ನುತ್ತದೆ. ಪಶ್ಚಾತ್ತಾಪ ಹೊಟ್ಟೆಕಿಚ್ಚನ್ನು ತೊಳೆಯುತ್ತದೆ ಎನ್ನುವುದು ನನ್ನ ಮಟ್ಟಿಗೆ ನಿಜವಾಗಲಿಲ್ಲ. ಎರಡೂ ಒಂದೇ ಮನೆಯಲ್ಲಿ ಸಂಸಾರ ಮಾಡುತ್ತವೆ.

ಮೊನ್ನೆ ಅಕ್ಕಯ್ಯನ ಮರಿಮೊಮ್ಮಗನ ನಾಮಕರಣ. ಯಾರೋ ಹುಡುಗಿ ಸಕ್ಕರೆ ತರುವುದನ್ನು ಮರೆತಿದ್ದಳು. "ಜಾನಕಮ್ಮನ ಮರೆವು ಕಣೇ ನಿಂದು!" ಎಂದು ಒಬ್ಬಳು ಅಂದಳು, ಎಲ್ಲರೂ ನಕ್ಕರು. ಭಾವನವರ ಬಾಯಿಂದ ಶುರುವಾದ ಮಾತು, ನಮ್ಮ ವಂಶದಲ್ಲಿ ಗಾದೆಯಾಗಿಬಿಟ್ಟಿದೆ. ಜಾನಕಮ್ಮ ಯಾರೆಂದು ಗೊತ್ತಿಲ್ಲದ ಮಕ್ಕಳೂ ಹೇಳುತ್ತವೆ. ನಾನೂ ಐವತ್ತು ವರ್ಷ ಅದನ್ನು ಕೇಳಿಕೊಂಡು ಪಾಯಸ ತಿಂದಿದ್ದೇನೆ. ಮೊನ್ನೆ ಲೋಟ ಕೆಳಗಿಟ್ಟೆ.

ಮಾಲೂರಿನ ಹಿರೀಮಗಳು ಇನ್ನೂ ಇದ್ದಾಳೆ, ನನ್ನಷ್ಟೇ ಮುದುಕಿ. ಭಾನುವಾರ ಬಾ ಎಂದು ಹೇಳಿಕಳಿಸಿದ್ದೇನೆ. ಮಕ್ಕಳು ಮೊಮ್ಮಕ್ಕಳನ್ನೂ ಕರೆದುಕೊಂಡು ಬಾ ಎಂದಿದ್ದೇನೆ. ಡಿಕ್ಷನರಿಯಿಂದ ಚೀಟಿ ತೆಗೆದಿಟ್ಟಿದ್ದೇನೆ. ಮಡಿಕೆಯಲ್ಲಿ ಹರಿದಿದೆ, ಅಕ್ಷರ ಓದಬಹುದು. ಅದನ್ನು ಅವಳ ಕೈಗೆ ಕೊಟ್ಟು, ಈ ಹಾಳೆಗಳನ್ನು ಎಲ್ಲರೆದುರಿಗೆ ನಾನೇ ಗಟ್ಟಿಯಾಗಿ ಓದುತ್ತೇನೆ. ರೆಸಿಟೇಶನ್‌ಗೆ ಪ್ರೈಜ್ ತೆಗೆದುಕೊಂಡವಳಲ್ಲವೇ. ಕ್ಷಮಿಸಿ ಎಂದು ಕೇಳುವುದಿಲ್ಲ. ಕ್ಷಮಿಸಬೇಕಾದವರು ನನ್ನ ಕ್ಷಮೆ ಕೇಳಿ ಹೋಗಿದ್ದಾರೆ.

ಜಾನಕಮ್ಮ ಏನನ್ನೂ ಮರೆಯಲಿಲ್ಲ. ದಾರವನ್ನು ಕೈಯಲ್ಲಿ ಹಿಡಿದು ಕೇಳಿದರು — ಗಂಟು ಹಾಕಬೇಕೇನೇ ಅಮ್ಮಾಯಿ, ಎಂದು. ಬೇಡ ಎಂದವಳು ನಾನು.